ಸ್ವಲೀನತೆಯ ಸಮಸ್ಯೆಯೂ ರಾಷ್ಟ್ರೀಯ ಯೋಜನೆಯೂ

೧

ಒಂದು ರಾಷ್ಟ್ರವು ಅಣೆಕಟ್ಟುಗಳಿಗೆ, ಕೈಗಾರಿಕೆಗಳಿಗೆ, ಆಹಾರಧಾನ್ಯಗಳ ಉತ್ಪಾದನೆಗೆ ಯೋಜನೆಗಳನ್ನು ಹಾಕಿಕೊಳ್ಳುವುದು ನಮಗೆಲ್ಲ ಪರಿಚಿತವಾದ ಸಂಗತಿ. ಸಾಂಕ್ರಾಮಿಕ ರೋಗಗಳ ನಿವಾರಣೆಗೆ ಯೋಜನೆ ಬೇಕೆಂಬುದನ್ನೂ ಯಾರೂ ಅಲ್ಲಗಳೆಯಲಾರರು. ಆದರೆ ಒಂದು ಮಗು ಹೆಸರು ಹಿಡಿದು ಕರೆದಾಗ ತಿರುಗಿ ನೋಡದಿರುವುದು, ಎರಡು ವರ್ಷ ತುಂಬಿದರೂ ಮಾತನಾಡದಿರುವುದು, ಓರಗೆಯ ಮಕ್ಕಳ ಆಟದಲ್ಲಿ ಸೇರದೆ ಒಂದು ಗಾಲಿಯನ್ನು ತಿರುಗಿಸುತ್ತ ಗಂಟೆಗಟ್ಟಲೆ ಕುಳಿತಿರುವುದು, ಇವೆಲ್ಲ ಮನೆಯೊಳಗಿನ ಸಂಗತಿಗಳಾಗಿ ತೋರುತ್ತವೆ. ಇವಕ್ಕೂ ರಾಷ್ಟ್ರಯೋಜನೆಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಲು ಹೊರಟಿರುವುದು ಈ ಪ್ರಶ್ನೆಯನ್ನೇ. ಸ್ವಲೀನತೆ ಅಥವಾ ಆಟಿಸಂ ಎಂದು ಕರೆಯಲ್ಪಡುವ ಸ್ಥಿತಿಯ ವಿಷಯದಲ್ಲಿ ಕೆಲವು ದೇಶಗಳು ಕಳೆದ ಕಾಲು ಶತಮಾನದ ಅವಧಿಯಲ್ಲಿ ಶಾಸನಗಳನ್ನು ಮಾಡಿ, ಸಮಿತಿಗಳನ್ನು ನೇಮಿಸಿ, ಸಂಶೋಧನೆ, ಸೇವೆ, ನೀತಿ ಎಂಬ ಮೂರು ಅಂಗಗಳನ್ನು ಒಂದೇ ಯೋಜನೆಯಲ್ಲಿ ಹೊಂದಿಸಲು ಯತ್ನಿಸಿವೆ. ಇವುಗಳಲ್ಲಿ ಅತ್ಯಂತ ವಿಸ್ತಾರವಾದುದು ಅಮೆರಿಕ ಸಂಯುಕ್ತ ಸಂಸ್ಥಾನದ ಯತ್ನ. ಆದ್ದರಿಂದ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ಇಂಗ್ಲೆಂಡು ಮತ್ತು ಫ್ರಾನ್ಸುಗಳ ಅನುಭವವನ್ನು ಸಂಗ್ರಹವಾಗಿ ನೋಡಿ, ಕಡೆಯಲ್ಲಿ ನಮ್ಮ ದೇಶದ ಸ್ಥಿತಿಯನ್ನು ಪರಿಶೀಲಿಸುತ್ತೇವೆ. ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ವಿಷಯವು ದೂರದ್ದಲ್ಲ. ಮನಶ್ಶಾಸ್ತ್ರ, ಶಿಕ್ಷಣ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ನ್ಯಾಯಶಾಸ್ತ್ರಗಳೆಲ್ಲ ಇಲ್ಲಿ ಒಂದೆಡೆ ಸೇರುತ್ತವೆ.

೨

ಮೊದಲು ಸ್ವಲೀನತೆ ಎಂದರೇನೆಂಬುದನ್ನು ತಿಳಿಯಬೇಕು. ಆಟಿಸಂ ಎಂಬ ಪದವನ್ನು ಸೃಷ್ಟಿಸಿದವನು ಸ್ವಿಸ್ ಮನೋವೈದ್ಯ ಆಯ್ಗನ್ ಬ್ಲಾಯ್ಲರ್. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಆರಂಭದಲ್ಲಿ, ಸ್ಕಿಜೋಫ್ರೇನಿಯ ಎಂಬ ಮನೋರೋಗದಲ್ಲಿ ರೋಗಿಯು ಹೊರಜಗತ್ತನ್ನು ತೊರೆದು ತನ್ನೊಳಗೆ ಸರಿಯುವುದನ್ನು ಅವನು ಈ ಪದದಿಂದ ಸೂಚಿಸಿದನು. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಅದೇ ಪದವನ್ನು ಬೇರೊಂದು ಅರ್ಥದಲ್ಲಿ ಬಳಸಿದನು. ಈ ಮಕ್ಕಳು ಜಗತ್ತನ್ನು ತೊರೆದು ಹೋದವರಲ್ಲ. ಜನ್ಮಾರಭ್ಯ ಅದರೊಡನೆ ಬೇರೊಂದು ಬಗೆಯ ಸಂಬಂಧವನ್ನಿರಿಸಿಕೊಂಡವರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ತತ್ಸದೃಶವಾದ ಮಕ್ಕಳನ್ನು ವರ್ಣಿಸಿದನು. ಇವರಿಬ್ಬರಿಗೂ ಹಿಂದೆಯೇ, ೧೯೨೫ರ ಸುಮಾರಿನಲ್ಲಿ, ಮಾಸ್ಕೋ ನಗರದ ವೈದ್ಯೆ ಗ್ರೂನ್ಯಾ ಸುಖರೇವಾ ಇಂಥ ಮಕ್ಕಳ ವಿಷಯವಾಗಿ ಬರೆದಿದ್ದಳೆಂಬುದು ಬಹುಕಾಲ ಪಂಡಿತರ ಗಮನಕ್ಕೆ ಬಾರದೆ ಉಳಿದಿತ್ತು.

ಸ್ವಲೀನತೆ ಎಂಬ ನಮ್ಮ ಪದವು ಬ್ಲಾಯ್ಲರನ ಮೂಲಾರ್ಥಕ್ಕೆ ಹೆಚ್ಚು ಸಮೀಪವಾಗಿದೆ. ತನ್ನಲ್ಲಿ ತಾನೇ ಲೀನವಾಗುವುದೆಂದರೆ ಯೋಗಿಯ ಸ್ಥಿತಿಯೋ ವಿರಕ್ತನ ಸ್ಥಿತಿಯೋ ನೆನಪಿಗೆ ಬರಬಹುದು. ವಸ್ತುಸ್ಥಿತಿ ಹಾಗಿಲ್ಲ. ಈ ವ್ಯಕ್ತಿಗಳಲ್ಲಿ ಅನೇಕರಿಗೆ ಇತರರ ಸಂಗವು ಬೇಕು. ಆದರೆ ಮುಖಭಾವ, ಧ್ವನಿಯ ಏರಿಳಿತ, ಮಾತಿನ ಹಿಂದಣ ಸೂಚನೆ ಮೊದಲಾದ, ಇತರರು ಕಲಿಯದೆಯೇ ಗ್ರಹಿಸುವ ಸಂಜ್ಞೆಗಳು ಅವರಿಗೆ ಸುಲಭವಾಗಿ ಗ್ರಾಹ್ಯವಾಗುವುದಿಲ್ಲ. ಇದರೊಡನೆ ಒಂದೇ ಕ್ರಿಯೆಯ ಪುನರಾವರ್ತನೆ, ನಿತ್ಯಕ್ರಮದಲ್ಲಿ ಬದಲಾವಣೆಯನ್ನು ಸಹಿಸದಿರುವುದು, ಕೆಲವು ವಿಷಯಗಳಲ್ಲಿ ಗಾಢವಾದ ಆಸಕ್ತಿ, ಶಬ್ದ ಸ್ಪರ್ಶ ಬೆಳಕುಗಳಿಗೆ ಅತಿಯಾದ ಅಥವಾ ಅತಿ ಕಡಮೆಯಾದ ಪ್ರತಿಕ್ರಿಯೆ, ಇವು ಸೇರಿರುತ್ತವೆ. ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದಲ್ಲಿ ಲೋರ್ನಾ ವಿಂಗ್ ಮತ್ತು ಜೂಡಿತ್ ಗೌಲ್ಡ್ ನಡೆಸಿ ೧೯೭೯ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಲಕ್ಷಣಗಳು ಕ್ಯಾನರನು ವರ್ಣಿಸಿದ ಮಕ್ಕಳಿಗಷ್ಟೇ ಸೀಮಿತವಲ್ಲವೆಂದು ತೋರಿಸಿತು. ಮಾತೇ ಬಾರದೆ ದಿನದ ಇಪ್ಪತ್ತನಾಲ್ಕು ಗಂಟೆಯೂ ನೆರವು ಬೇಕಾದವನೂ, ಗಣಿತದಲ್ಲಿ ಉನ್ನತ ಪದವಿ ಪಡೆದು ಗೆಳೆಯರಿಲ್ಲದೆ ಬಾಳುವವನೂ ಇಂದು ಒಂದೇ ವರ್ಗೀಕರಣದಲ್ಲಿ ಬರುತ್ತಾರೆ. ಅಮೆರಿಕದ ಮನೋವೈದ್ಯ ಸಂಘವು ೨೦೧೩ರಲ್ಲಿ ಹೊರತಂದ ರೋಗವರ್ಗೀಕರಣ ಗ್ರಂಥದ ಐದನೆಯ ಆವೃತ್ತಿಯು ಹಿಂದಿನ ಒಳಭೇದಗಳನ್ನು ಕೈಬಿಟ್ಟು, ಎಲ್ಲವನ್ನೂ ಒಂದೇ ವರ್ಣಪಟಲವೆಂದು ಪರಿಗಣಿಸಿತು.

ಯೋಜನೆಯ ಮೊದಲ ತೊಡಕು ಇಲ್ಲಿಯೇ ಇದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಷ್ಟು ಭಿನ್ನವಾದ ಅಗತ್ಯಗಳುಳ್ಳ ಜನರಿಗೆಲ್ಲ ಒಂದೇ ಹೆಸರಿನಲ್ಲಿ ಯೋಜನೆ ಹಾಕುವಾಗ, ಯಾರ ಅಗತ್ಯವು ಮೊದಲು ಎಂಬ ಪ್ರಶ್ನೆಯಿಂದ ಯಾವ ಸಮಿತಿಯೂ ತಪ್ಪಿಸಿಕೊಳ್ಳಲಾರದು.

೩

ಯೋಜನೆ ಏಕೆ ಬೇಕಾಯಿತೆಂಬುದನ್ನು ತಿಳಿಯಲು ಯೋಜನೆಯಿಲ್ಲದಿದ್ದ ಕಾಲದ ಇತಿಹಾಸವನ್ನು ನೋಡಬೇಕು. ಈ ಸ್ಥಿತಿಯು ಹುಟ್ಟಿನಿಂದಲೇ ಬಂದುದೆಂದು ಕ್ಯಾನರ್ ತನ್ನ ಮೊದಲ ಲೇಖನದಲ್ಲಿ ತೀರ್ಮಾನಿಸಿದ್ದರೂ, ಆ ಮಕ್ಕಳ ತಂದೆತಾಯಿಗಳಲ್ಲಿ ವಾತ್ಸಲ್ಯದ ಬಿಸುಪು ಕಡಮೆಯೆಂಬ ಮಾತನ್ನೂ ಸೇರಿಸಿದ್ದನು. ಆ ಕಾಲದ ಮನೋವಿಶ್ಲೇಷಣ ಪಂಥವು ಈ ಎರಡನೆಯ ಮಾತನ್ನೇ ಹಿಡಿದು ಬೆಳೆಸಿತು. ತಾಯಿಯ ಮನಸ್ಸು ಶೀತಲವಾದುದರಿಂದಲೇ ಮಗು ಮನಸ್ಸಿನ ಬಾಗಿಲನ್ನು ಮುಚ್ಚಿಕೊಂಡಿತೆಂಬ ವಾದವು ಎರಡು ದಶಕಗಳ ಕಾಲ ವೈದ್ಯರ ನಡುವೆ ಪ್ರಚಲಿತವಾಗಿತ್ತು. ೧೯೬೭ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಗ್ರಂಥವು ಈ ವಾದವನ್ನು ಜನಸಾಮಾನ್ಯರಿಗೂ ಮುಟ್ಟಿಸಿತು. ಮಗುವಿನ ಕಷ್ಟವನ್ನು ಹೊತ್ತ ತಾಯಿಯೇ ಆ ಕಷ್ಟಕ್ಕೆ ಕಾರಣಳೆಂಬ ಅಪವಾದವನ್ನೂ ಹೊರಬೇಕಾಯಿತು. ಒಂದು ತಪ್ಪು ಸಿದ್ಧಾಂತವು ಪ್ರಯೋಗಾಲಯದಲ್ಲಿ ಉಳಿಯದೆ ಸಂಸಾರಗಳನ್ನು ಹೇಗೆ ಹೊಕ್ಕು ಕಾಡಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಅಪರೂಪ.

ಇದನ್ನು ಎದುರಿಸಿದವರಲ್ಲಿ ಮೊದಲಿಗರು ತಂದೆತಾಯಿಗಳೇ. ಸ್ವಲೀನನಾದ ಮಗನ ತಂದೆಯೂ ಸ್ವತಃ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ೧೯೬೪ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಇದರ ಮೂಲವು ಮೆದುಳಿನ ರಚನೆಯಲ್ಲಿದೆಯೇ ಹೊರತು ತಾಯಿಯ ಮನಸ್ಸಿನಲ್ಲಲ್ಲವೆಂದು ವಾದಿಸಿದನು. ಮರುವರ್ಷ ಅಮೆರಿಕದ ತಂದೆತಾಯಿಗಳ ರಾಷ್ಟ್ರೀಯ ಸಂಘವು ಸ್ಥಾಪನೆಯಾಯಿತು. ಇಂಗ್ಲೆಂಡಿನಲ್ಲಿ ಅಂಥದೇ ಸಂಘವು ೧೯೬೨ರಲ್ಲಿಯೇ ಹುಟ್ಟಿತ್ತು. ೧೯೬೯ರಲ್ಲಿ ಅಮೆರಿಕದ ಸಂಘದ ಸಭೆಗೆ ಬಂದ ಕ್ಯಾನರ್, ತಂದೆತಾಯಿಗಳನ್ನು ತಾನು ದೋಷಮುಕ್ತರೆಂದು ಪರಿಗಣಿಸುವುದಾಗಿ ಸಾರಿದನು. ೧೯೭೭ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟ್ಟರ್ ಇಪ್ಪತ್ತೊಂದು ಜೊತೆ ಅವಳಿ ಮಕ್ಕಳನ್ನು ಪರೀಕ್ಷಿಸಿದರು. ಏಕಾಂಡ ಅವಳಿಗಳ ಹನ್ನೊಂದು ಜೊತೆಗಳಲ್ಲಿ ನಾಲ್ಕರಲ್ಲಿ ಇಬ್ಬರೂ ಸ್ವಲೀನರಾಗಿದ್ದರು. ದ್ವ್ಯಂಡ ಅವಳಿಗಳ ಹತ್ತು ಜೊತೆಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಸಂಖ್ಯೆ ಸಣ್ಣದಾದರೂ ಫಲಿತಾಂಶವು ಅನುವಂಶೀಯತೆಯ ಕಡೆಗೆ ಬೆರಳು ತೋರಿತು. ಅನಂತರದ ಅಧ್ಯಯನಗಳು ಅದನ್ನು ದೃಢಪಡಿಸಿವೆ. ಇಂದು ಈ ಸ್ಥಿತಿಯೊಡನೆ ಸಂಬಂಧವುಳ್ಳ ಜೀನುಗಳೆಂದು ನೂರಕ್ಕೂ ಹೆಚ್ಚಿನವು ಗುರುತಿಸಲ್ಪಟ್ಟಿವೆ.

ಸೇವೆಯ ಕ್ಷೇತ್ರದಲ್ಲಿ ಅಮೆರಿಕದ ಮೊದಲ ದೊಡ್ಡ ಹೆಜ್ಜೆಯು ೧೯೭೫ರ ಶಿಕ್ಷಣ ಶಾಸನ. ಅಂಗವಿಕಲತೆಯುಳ್ಳ ಪ್ರತಿಯೊಂದು ಮಗುವಿಗೂ ಸಾರ್ವಜನಿಕ ಶಾಲೆಯಲ್ಲಿ ಉಚಿತವೂ ಯುಕ್ತವೂ ಆದ ಶಿಕ್ಷಣ ದೊರೆಯಬೇಕೆಂದು ಅದು ವಿಧಿಸಿತು. ೧೯೯೦ರ ತಿದ್ದುಪಡಿಯಲ್ಲಿ ಸ್ವಲೀನತೆಯು ಪ್ರತ್ಯೇಕ ವರ್ಗವಾಗಿ ಹೆಸರಿಸಲ್ಪಟ್ಟಿತು. ಅಲ್ಲಿಂದ ಮುಂದೆ ಶಾಲೆಗಳು ಅಂಥ ಮಕ್ಕಳನ್ನು ಲೆಕ್ಕದಲ್ಲಿ ತೋರಿಸತೊಡಗಿದವು. ಈ ಅಂಶವನ್ನು ಮುಂದೆ ಅಂಕಿಅಂಶಗಳ ಪ್ರಸ್ತಾಪ ಬಂದಾಗ ನೆನಪಿನಲ್ಲಿಡಬೇಕು.

೪

ಅಮೆರಿಕದಲ್ಲಿ ಆರೋಗ್ಯ ಸಂಶೋಧನೆ ಒಂದು ಇಲಾಖೆಯ ಕೈಯಲ್ಲಿಯೂ ಶಾಲೆ ಮತ್ತೊಂದರ ಕೈಯಲ್ಲಿಯೂ ರೋಗಗಣನೆ ಮೂರನೆಯದರ ಕೈಯಲ್ಲಿಯೂ ಇದ್ದುದರಿಂದ, ಒಬ್ಬರು ಮಾಡುತ್ತಿದ್ದುದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ೨೦೦೦ದ ಮಕ್ಕಳ ಆರೋಗ್ಯ ಶಾಸನವು ಇವನ್ನೆಲ್ಲ ಒಂದೆಡೆ ಕೂಡಿಸುವ ಅಂತರ ಇಲಾಖಾ ಸಮನ್ವಯ ಸಮಿತಿಯೊಂದನ್ನು ಸ್ಥಾಪಿಸಿತು. ೨೦೦೬ರ ಡಿಸೆಂಬರಿನಲ್ಲಿ ಅಂಗೀಕಾರ ಪಡೆದ ಮತ್ತೊಂದು ಶಾಸನವು ಈ ಸಮಿತಿಯನ್ನು ಪುನರ್‌ರಚಿಸಿ, ಸಂಶೋಧನೆಗೆ ಒಂದು ರಾಷ್ಟ್ರೀಯ ಯೋಜನೆಯನ್ನು ಸಿದ್ಧಪಡಿಸಿ ವರ್ಷವರ್ಷವೂ ಪರಿಷ್ಕರಿಸಬೇಕೆಂದು ಆಜ್ಞಾಪಿಸಿತು. ಮೊದಲನೆಯ ಯೋಜನೆಯು ೨೦೦೯ರ ಜನವರಿಯಲ್ಲಿ ಸಿದ್ಧವಾಯಿತು.

ಈ ಯೋಜನೆಯ ರಚನಾಕ್ರಮವು ಗಮನಾರ್ಹವಾದುದು. ಸಾಮಾನ್ಯವಾಗಿ ಇಂಥ ದಸ್ತೈವಜುಗಳು ಶಾಸ್ತ್ರವಿಭಾಗಗಳನ್ನು ಅನುಸರಿಸುತ್ತವೆ. ಇಲ್ಲಿ ಹಾಗಲ್ಲ, ಮಗುವೊಂದರ ತಂದೆತಾಯಿಗಳು ಯಾವ ಕ್ರಮದಲ್ಲಿ ಪ್ರಶ್ನೆ ಕೇಳುತ್ತಾರೋ ಆ ಕ್ರಮವನ್ನೇ ಸಮಿತಿಯು ಅಂಗೀಕರಿಸಿತು. ಯಾವಾಗ ಚಿಂತೆಪಡಬೇಕು ಎಂಬುದು ಮೊದಲನೆಯದು. ಇದು ಪರೀಕ್ಷೆ ಮತ್ತು ರೋಗನಿರ್ಣಯಕ್ಕೆ ಸಂಬಂಧಿಸಿದುದು. ಏನಾಗುತ್ತಿದೆಯೆಂದು ತಿಳಿಯುವುದು ಹೇಗೆ ಎಂಬುದು ಎರಡನೆಯದು, ಇದು ಜೀವವಿಜ್ಞಾನ. ಇದು ಏಕೆ ಆಯಿತು ಎಂಬುದು ಮೂರನೆಯದು, ಇದು ಕಾರಣಶೋಧನೆ. ಯಾವ ಚಿಕಿತ್ಸೆಯಿಂದ ನೆರವಾದೀತು, ಸೇವೆಗಾಗಿ ಎಲ್ಲಿಗೆ ಹೋಗಬೇಕು, ಮುಂದೆ, ವಿಶೇಷವಾಗಿ ವಯಸ್ಸಿಗೆ ಬಂದ ಮೇಲೆ, ಏನಾದೀತು ಎಂಬುವು ನಾಲ್ಕು, ಐದು, ಆರನೆಯವು. ಗಣನೆ, ತರಬೇತಿ, ಸಂಶೋಧನ ಸಾಮಗ್ರಿಗಳ ವ್ಯವಸ್ಥೆಯನ್ನು ಕುರಿತ ಏಳನೆಯ ಪ್ರಶ್ನೆಯು ೨೦೧೦ರಲ್ಲಿ ಸೇರಿತು. ಪ್ರಶ್ನೆಗಳ ಮಾತು ಮುಂದಿನ ಆವೃತ್ತಿಗಳಲ್ಲಿ ಬದಲಾಗಿದ್ದರೂ ಈ ಏಳರ ಚೌಕಟ್ಟು ಉಳಿದು ಬಂದಿದೆ.

ಸಮಿತಿಯ ಅಧಿಕಾರವೆಷ್ಟೆಂಬುದನ್ನೂ ಅರಿಯಬೇಕು. ಅದರ ಕೈಯಲ್ಲಿ ಹಣವಿಲ್ಲ. ಯಾವ ಸಂಸ್ಥೆಗೂ ಅದು ಆಜ್ಞೆ ಮಾಡಲಾರದು. ಅದು ಸಲಹೆ ಕೊಡುತ್ತದೆ, ಗುರಿಗಳನ್ನು ಸೂಚಿಸುತ್ತದೆ, ಸರ್ಕಾರವೂ ಖಾಸಗಿ ದತ್ತಿಗಳೂ ಯಾವ ಪ್ರಶ್ನೆಗೆ ಎಷ್ಟು ವೆಚ್ಚ ಮಾಡಿವೆಯೆಂದು ಲೆಕ್ಕ ಹಾಕಿ ಪ್ರಕಟಿಸುತ್ತದೆ. ಈ ಕೊನೆಯ ಕೆಲಸವೇ ಅದರ ಮುಖ್ಯ ಬಲವೆಂದು ನಮ್ಮ ಅಭಿಪ್ರಾಯ. ಹಣ ಎಲ್ಲಿಗೆ ಹೋಯಿತೆಂಬುದು ಒಮ್ಮೆ ಪ್ರಕಟವಾದರೆ, ಎಲ್ಲಿಗೆ ಹೋಗಲಿಲ್ಲವೆಂಬುದೂ ಪ್ರಕಟವಾಗುತ್ತದೆ. ೨೦೧೬–೧೭ರ ಯೋಜನೆಯು ಸಂಶೋಧನ ವೆಚ್ಚವನ್ನು ಇಮ್ಮಡಿಗೊಳಿಸಿ ೨೦೨೦ರ ವೇಳೆಗೆ ೬೮ ಕೋಟಿ ೫೦ ಲಕ್ಷ ಡಾಲರುಗಳಿಗೆ ಏರಿಸಬೇಕೆಂದು ಶಿಫಾರಸು ಮಾಡಿತು. ೨೦೨೧–೨೩ರ ಯೋಜನೆಯು ಅದೇ ಮೊತ್ತವನ್ನು ೨೦೨೫ರ ಗುರಿಯಾಗಿ ಹೇಳಿತು. ಒಂದೇ ಅಂಕಿ ಎರಡು ಯೋಜನೆಗಳಲ್ಲಿ ಬಂದಿರುವುದರಿಂದಲೇ ಸಲಹೆಗೂ ಕಾರ್ಯಕ್ಕೂ ನಡುವಣ ಅಂತರವನ್ನು ಊಹಿಸಬಹುದು.

೫

ಗಣನೆಯಿಲ್ಲದೆ ಯೋಜನೆಯಿಲ್ಲ. ಆದರೆ ಸ್ವಲೀನತೆಯ ವಿಷಯದಲ್ಲಿ ಗಣನೆಯಷ್ಟು ತಪ್ಪು ತಿಳುವಳಿಕೆಗೆ ಎಡೆಗೊಟ್ಟ ಸಂಗತಿ ಬೇರೊಂದಿಲ್ಲ. ಇಂಗ್ಲೆಂಡಿನ ಮಿಡಲ್‌ಸೆಕ್ಸ್ ಪ್ರಾಂತದಲ್ಲಿ ವಿಕ್ಟರ್ ಲಾಟರ್ ನಡೆಸಿ ೧೯೬೬ರಲ್ಲಿ ಪ್ರಕಟಿಸಿದ ಮೊದಲ ಸಮೀಕ್ಷೆಯು ಹತ್ತು ಸಾವಿರ ಮಕ್ಕಳಿಗೆ ೪.೫ರ ಪ್ರಮಾಣವನ್ನು ಕಂಡಿತು. ಅಮೆರಿಕದ ರೋಗನಿಯಂತ್ರಣ ಕೇಂದ್ರವು ೨೦೦೦ದಿಂದ ಕೆಲವು ಆಯ್ದ ಪ್ರದೇಶಗಳಲ್ಲಿ ಎಂಟು ವರ್ಷದ ಮಕ್ಕಳನ್ನು ಗಣಿಸುತ್ತ ಬಂದಿದೆ. ಆ ವರ್ಷ ೧೫೦ ಮಕ್ಕಳಿಗೆ ಒಬ್ಬರಂತೆ ಇದ್ದ ಪ್ರಮಾಣವು ೨೦೧೦ರಲ್ಲಿ ೬೮ಕ್ಕೆ ಒಬ್ಬರು, ೨೦೨೦ರಲ್ಲಿ ೩೬ಕ್ಕೆ ಒಬ್ಬರು, ೨೦೨೨ರಲ್ಲಿ ೩೧ಕ್ಕೆ ಒಬ್ಬರು ಎಂದಾಯಿತು.

ಈ ಅಂಕಿಗಳನ್ನು ಕಂಡವರು ಸಾಂಕ್ರಾಮಿಕವೊಂದು ಹರಡುತ್ತಿದೆಯೆಂದು ಭಾವಿಸುವುದುಂಟು. ಆದರೆ ೨೦೨೨ರ ಗಣನೆಯನ್ನೇ ಬಿಡಿಸಿ ನೋಡಿದರೆ, ಹದಿನಾರು ಪ್ರದೇಶಗಳಲ್ಲಿ ಟೆಕ್ಸಸ್ಸಿನ ಒಂದೆಡೆ ಸಾವಿರಕ್ಕೆ ೯.೭ ಮಕ್ಕಳೂ ಕ್ಯಾಲಿಫೋರ್ನಿಯದ ಒಂದೆಡೆ ಸಾವಿರಕ್ಕೆ ೫೩.೧ ಮಕ್ಕಳೂ ಇದ್ದಾರೆ. ಒಂದೇ ದೇಶ, ಒಂದೇ ವರ್ಷ, ಒಂದೇ ವಯಸ್ಸು. ವ್ಯತ್ಯಾಸ ಮಾತ್ರ ಐದು ಪಟ್ಟಿಗೂ ಹೆಚ್ಚು. ಮಕ್ಕಳ ಮೆದುಳು ಪ್ರಾಂತದಿಂದ ಪ್ರಾಂತಕ್ಕೆ ಇಷ್ಟು ಭಿನ್ನವಾಗಿರಲಾರದು. ಭಿನ್ನವಾಗಿರುವುದು ಮುಖ್ಯವಾಗಿ ಹುಡುಕುವ ವ್ಯವಸ್ಥೆ. ಮೊದಲ ವರ್ಷಗಳ ಗಣನೆಗಳಲ್ಲಿ ಬಿಳಿಯ ಮಕ್ಕಳಲ್ಲಿ ಪ್ರಮಾಣವು ಹೆಚ್ಚಾಗಿ ಕಂಡಿತ್ತು. ೨೦೨೦ರ ಗಣನೆಯಲ್ಲಿ ಕರಿಯರ ಮತ್ತು ಇತರ ವರ್ಗಗಳ ಮಕ್ಕಳಲ್ಲಿಯೇ ಹೆಚ್ಚಾಗಿ ಕಂಡಿತು. ವೈದ್ಯರ ಬಾಗಿಲು ಯಾರಿಗೆ ತೆರೆಯಿತೋ ಅವರ ಸಂಖ್ಯೆ ಏರಿತು. ಲಕ್ಷಣಗಳ ವ್ಯಾಖ್ಯೆ ವಿಸ್ತಾರವಾದುದು, ಶಾಲೆಗಳಲ್ಲಿ ಪ್ರತ್ಯೇಕ ವರ್ಗ ಏರ್ಪಟ್ಟುದು, ತಂದೆತಾಯಿಗಳ ಅರಿವು ಬೆಳೆದುದು, ಇವು ಏರಿಕೆಯ ಬಹುಭಾಗವನ್ನು ವಿವರಿಸುತ್ತವೆ. ತಂದೆತಾಯಿಗಳ ವಯಸ್ಸು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಬದುಕಿ ಉಳಿಯುವುದು ಮೊದಲಾದ ಅಂಶಗಳೂ ಸ್ವಲ್ಪಮಟ್ಟಿಗೆ ಇರಬಹುದು.

ಅಂಕಿಗಳ ಭಯವು ಮಾಡಬಹುದಾದ ಹಾನಿಗೂ ಉದಾಹರಣೆಯಿದೆ. ೧೯೯೮ರಲ್ಲಿ ಇಂಗ್ಲೆಂಡಿನ ವೈದ್ಯ ಪತ್ರಿಕೆಯೊಂದರಲ್ಲಿ ಹನ್ನೆರಡು ಮಕ್ಕಳ ವೃತ್ತಾಂತವನ್ನು ಆಧರಿಸಿ, ದಡಾರ ಮೊದಲಾದ ಮೂರು ರೋಗಗಳ ವಿರುದ್ಧ ಒಟ್ಟಿಗೆ ಹಾಕುವ ಲಸಿಕೆಗೂ ಸ್ವಲೀನತೆಗೂ ನಂಟಿರಬಹುದೆಂಬ ಲೇಖನವೊಂದು ಬಂದಿತು. ಡೆನ್ಮಾರ್ಕಿನಲ್ಲಿ ೫,೩೭,೩೦೩ ಮಕ್ಕಳನ್ನು ಕುರಿತು ೨೦೦೨ರಲ್ಲಿಯೂ ೬,೫೭,೪೬೧ ಮಕ್ಕಳನ್ನು ಕುರಿತು ೨೦೧೯ರಲ್ಲಿಯೂ ಪ್ರಕಟವಾದ ಅಧ್ಯಯನಗಳು ಅಂಥ ನಂಟು ಇಲ್ಲವೆಂದು ತೋರಿಸಿದವು. ಮೂಲ ಲೇಖನವನ್ನು ಪತ್ರಿಕೆಯು ೨೦೧೦ರಲ್ಲಿ ಹಿಂದೆಗೆದುಕೊಂಡಿತು. ಆದರೂ ಅಮೆರಿಕದ ಸಮಿತಿಯಲ್ಲಿ, ಮೊದಲ ಯೋಜನೆಯ ಕಾಲದಲ್ಲಿಯೇ, ಲಸಿಕೆಯ ಸಂಶೋಧನೆಯನ್ನು ಸೇರಿಸಬೇಕೆ ಬೇಡವೆ ಎಂಬುದರ ಮೇಲೆ ತೀವ್ರ ವಿವಾದ ನಡೆಯಿತು. ಇತ್ಯರ್ಥವಾದ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದಕ್ಕೆ ವ್ಯಯವಾದ ಹಣವೂ ಕಾಲವೂ ಇತ್ಯರ್ಥವಾಗದ ಪ್ರಶ್ನೆಗಳಿಂದ ಕಿತ್ತುಕೊಂಡವೇ ಆಗಿರುತ್ತವೆ.

೬

ಇನ್ನು ಹಂಚಿಕೆಯ ಪ್ರಶ್ನೆ. ಅಮೆರಿಕದ ಸಮಿತಿಯು ಪ್ರಕಟಿಸಿದ ಲೆಕ್ಕಗಳನ್ನು ನೋಡಿದರೆ, ಸಂಶೋಧನ ವೆಚ್ಚದ ಅತ್ಯಂತ ದೊಡ್ಡ ಪಾಲು ಜೀವವಿಜ್ಞಾನಕ್ಕೆ ಹೋಗಿದೆ. ಸೇವೆಗಳನ್ನು ಕುರಿತ ಸಂಶೋಧನೆಗೆ ದೊರೆತುದು ಕಡಮೆ. ವಯಸ್ಕರ ಜೀವನವನ್ನು ಕುರಿತ ಸಂಶೋಧನೆಗೆ ದೊರೆತುದು ಅತ್ಯಲ್ಪ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಜೀನುಗಳ ಅಧ್ಯಯನಕ್ಕೆ ಸಿದ್ಧವಾದ ವಿಧಾನಗಳಿವೆ, ಪ್ರಯೋಗಾಲಯಗಳಿವೆ, ಪಳಗಿದ ವಿದ್ವಾಂಸರಿದ್ದಾರೆ. ನಲವತ್ತು ವರ್ಷದ ಸ್ವಲೀನ ವ್ಯಕ್ತಿಯು ಎಲ್ಲಿ ವಾಸಿಸಬೇಕು, ಏನು ಕೆಲಸ ಮಾಡಬೇಕು, ಅವನಿಗೆ ಹಲ್ಲುನೋವು ಬಂದರೆ ವೈದ್ಯನಿಗೆ ಹೇಗೆ ತಿಳಿಯಬೇಕು ಎಂಬ ಪ್ರಶ್ನೆಗಳಿಗೆ ಅಂಥ ಸಿದ್ಧ ವಿಧಾನಗಳಿಲ್ಲ. ಜೀವವಿಜ್ಞಾನವು ಬೇಡವೆಂದು ನಾವು ಹೇಳುತ್ತಿಲ್ಲ. ತಾಯಿಯನ್ನು ಅಪವಾದದಿಂದ ಬಿಡಿಸಿದುದೇ ಆ ಶಾಸ್ತ್ರ. ಆದರೆ ಸ್ವಲೀನತೆಯು ಬಾಲ್ಯದೊಡನೆ ಮುಗಿಯುವುದಿಲ್ಲ. ಮನುಷ್ಯನು ಮಗುವಾಗಿರುವುದಕ್ಕಿಂತ ವಯಸ್ಕನಾಗಿರುವ ಕಾಲವೇ ಹೆಚ್ಚು.

ಈ ಅಸಮತೋಲವನ್ನು ಬೆಳಕಿಗೆ ತಂದವರಲ್ಲಿ ಸ್ವಲೀನ ವ್ಯಕ್ತಿಗಳೇ ಪ್ರಮುಖರು. ೨೦೦೬ರ ಶಾಸನದ ಹೆಸರಿನಲ್ಲಿ ಸ್ವಲೀನತೆಯ ವಿರುದ್ಧ ಹೋರಾಟ ಎಂಬ ಅರ್ಥದ ಮಾತಿತ್ತು. ತಮ್ಮ ಸ್ವಭಾವವನ್ನೇ ಶತ್ರುವೆಂದು ಕರೆದ ಶಾಸನವು ತಮಗೆ ಹಿತವನ್ನುಂಟುಮಾಡುವುದು ಹೇಗೆಂದು ಅವರು ಕೇಳಿದರು. ೨೦೧೪ರಲ್ಲಿ ಶಾಸನವು ನವೀಕರಣಗೊಂಡಾಗ ಆ ಮಾತು ಹೋಗಿ ಸಹಕಾರ, ಹೊಣೆಗಾರಿಕೆ, ಸಂಶೋಧನೆ, ಶಿಕ್ಷಣ, ಆಧಾರ ಎಂಬ ಐದು ಪದಗಳು ಬಂದವು. ಸಮಿತಿಯ ಸದಸ್ಯತ್ವವೂ ಬದಲಾಯಿತು. ೨೦೦೬ರಲ್ಲಿ ಸ್ವಲೀನ ವ್ಯಕ್ತಿ ಒಬ್ಬರಾದರೂ ಇರಬೇಕೆಂದಿದ್ದುದು, ೨೦೧೪ರಲ್ಲಿ ಇಬ್ಬರು, ೨೦೧೯ರ ನವೀಕರಣದಲ್ಲಿ ಮೂವರು ಎಂದಾಯಿತು. ತಂದೆತಾಯಿಗಳಿಗೂ ಸೇವಾಸಂಸ್ಥೆಗಳಿಗೂ ಅಷ್ಟೇ ಸಂಖ್ಯೆಯ ಸ್ಥಾನಗಳು. ೨೦೧೯ರ ಶಾಸನವು ಇಡೀ ಆಯುಷ್ಯದ ಅಗತ್ಯಗಳನ್ನು ಒತ್ತಿಹೇಳಿತು. ೨೦೨೪ರ ಡಿಸೆಂಬರಿನಲ್ಲಿ ಅದು ಮತ್ತೆ ಐದು ವರ್ಷಗಳಿಗೆ ನವೀಕರಣಗೊಂಡಿತು.

ಆದರೆ ಇಲ್ಲಿಯೂ ಒಂದು ತೊಡಕಿದೆ. ಸಮಿತಿಯಲ್ಲಿ ಕುಳಿತು ಮಾತನಾಡಬಲ್ಲವರು ತಮ್ಮ ಪರವಾಗಿ ಮಾತನಾಡುತ್ತಾರೆ. ಮಾತೇ ಬಾರದವರ ಪರವಾಗಿ ತಂದೆತಾಯಿಗಳು ಮಾತನಾಡುತ್ತಾರೆ. ಮೊದಲನೆಯವರು ಗೌರವವನ್ನೂ ಅವಕಾಶವನ್ನೂ ಕೇಳಿದರೆ, ಎರಡನೆಯವರು ಕೆಲವು ವೇಳೆ ಚಿಕಿತ್ಸೆಯನ್ನೂ ವಿಶ್ರಾಂತಿಯನ್ನೂ ಕೇಳುತ್ತಾರೆ. ಎರಡೂ ನ್ಯಾಯವಾದ ಬೇಡಿಕೆಗಳೇ. ಇಬ್ಬರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದುದು ಈ ಯೋಜನೆಯ ಗುಣವೆಂದೇ ಹೇಳಬೇಕು.

೭

ಇಂಗ್ಲೆಂಡು ಬೇರೊಂದು ಮಾರ್ಗವನ್ನು ಹಿಡಿಯಿತು. ೨೦೦೯ರ ಅಲ್ಲಿಯ ಸ್ವಲೀನತಾ ಶಾಸನವು ಸಂಶೋಧನೆಯಿಂದಲ್ಲ, ವಯಸ್ಕರ ಸೇವೆಯಿಂದ ಆರಂಭವಾಯಿತು. ಅದರ ಪ್ರಕಾರ ಸರ್ಕಾರವು ೨೦೧೦ರಲ್ಲಿ ವಯಸ್ಕರಿಗಾಗಿ ಕಾರ್ಯನೀತಿಯೊಂದನ್ನು ಪ್ರಕಟಿಸಿ, ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳನ್ನು ನಿರ್ದೇಶಿಸಿತು. ಆ ಶಾಸನದ ಆಸುಪಾಸಿನಲ್ಲಿಯೇ ಪ್ರಕಟವಾದ ಸಮೀಕ್ಷೆಯೊಂದು ಅಲ್ಲಿಯ ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರು ಸ್ವಲೀನರೆಂದು ಕಂಡಿತು. ಹಾಗೆ ಗುರುತಿಸಲ್ಪಟ್ಟವರಲ್ಲಿ ಒಬ್ಬರಿಗೂ ಅದು ಮೊದಲೇ ತಿಳಿದಿರಲಿಲ್ಲ. ೨೦೨೧ರ ಕಾರ್ಯನೀತಿಯು ಮಕ್ಕಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು.

ಫ್ರಾನ್ಸಿನ ಅನುಭವವು ಬೇರೊಂದು ಪಾಠವನ್ನು ಕಲಿಸುತ್ತದೆ. ಅಲ್ಲಿ ಮನೋವಿಶ್ಲೇಷಣದ ಪ್ರಭಾವವು ಇತರ ದೇಶಗಳಿಗಿಂತ ದೀರ್ಘಕಾಲ ಉಳಿಯಿತು. ಶಾಲೆಗಳಲ್ಲಿ ಎಡೆಯಿಲ್ಲದೆ ಅನೇಕ ಸಂಸಾರಗಳು ತಮ್ಮವರನ್ನು ನೆರೆಯ ಬೆಲ್ಜಿಯಮ್ಮಿನ ಸಂಸ್ಥೆಗಳಿಗೆ ಕಳುಹಿಸಬೇಕಾಯಿತು. ಯೂರೋಪಿನ ಸಾಮಾಜಿಕ ಹಕ್ಕುಗಳ ಸಮಿತಿಯು ಫ್ರಾನ್ಸು ತನ್ನ ಸ್ವಲೀನ ಪ್ರಜೆಗಳ ಶಿಕ್ಷಣದ ಹೊಣೆಯನ್ನು ನೆರವೇರಿಸಿಲ್ಲವೆಂದು ತೀರ್ಮಾನಿಸಿದ ಬಳಿಕ, ೨೦೦೫ರಿಂದ ಒಂದರ ಮೇಲೊಂದು ರಾಷ್ಟ್ರೀಯ ಯೋಜನೆಗಳು ಬಂದವು. ೨೦೧೨ರಲ್ಲಿ ಅಲ್ಲಿಯ ಉನ್ನತ ಆರೋಗ್ಯ ಪ್ರಾಧಿಕಾರವು ಮನೋವಿಶ್ಲೇಷಣದ ಚಿಕಿತ್ಸೆಗೆ ಸಾಕಷ್ಟು ಆಧಾರವಿಲ್ಲವೆಂಬ ನಿಲುವನ್ನು ತಳೆದು, ಶಿಕ್ಷಣ ಮತ್ತು ವರ್ತನೆಗಳನ್ನು ಆಧರಿಸಿದ ಕ್ರಮಗಳನ್ನು ಶಿಫಾರಸು ಮಾಡಿತು. ಹಣವಿದ್ದು, ವೈದ್ಯರಿದ್ದು, ಸಿದ್ಧಾಂತವು ತಪ್ಪಾಗಿದ್ದರೆ ಸೇವೆಯೂ ತಪ್ಪುದಾರಿ ಹಿಡಿಯುತ್ತದೆಂಬುದಕ್ಕೆ ಇದು ಸಾಕ್ಷಿ.

೮

ನಮ್ಮ ದೇಶದಲ್ಲಿ ಕ್ರಮವು ತಲೆಕೆಳಗಾಗಿದೆ. ಇಲ್ಲಿ ಶಾಸನವು ಮೊದಲು ಬಂದಿತು, ಗಣನೆಯೂ ಸಂಶೋಧನೆಯೂ ಅದರ ಹಿಂದೆ ನಿಧಾನವಾಗಿ ಬರುತ್ತಿವೆ. ೧೯೯೫ರ ಅಂಗವಿಕಲರ ಶಾಸನವು ಏಳು ಬಗೆಯ ವಿಕಲತೆಗಳನ್ನು ಹೆಸರಿಸಿತು. ಅವುಗಳಲ್ಲಿ ಸ್ವಲೀನತೆ ಇರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಶಾಸನವು ಮೊದಲ ಬಾರಿಗೆ ಅದನ್ನು ಹೆಸರಿಸಿತು. ಈ ಶಾಸನದ ಹಿಂದಿದ್ದ ಪ್ರೇರಣೆಯು ತಂದೆತಾಯಿಗಳ ಒಂದೇ ಪ್ರಶ್ನೆ: ನಮ್ಮ ಕಾಲಾನಂತರ ಇವನ ಗತಿಯೇನು? ಹದಿನೆಂಟು ವರ್ಷ ತುಂಬಿದವನಿಗೆ ಅಗತ್ಯಬಿದ್ದರೆ ಪಾಲಕನನ್ನು ನೇಮಿಸಲು, ಜಿಲ್ಲಾಧಿಕಾರಿಯ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಅಂಗವೈಕಲ್ಯವುಳ್ಳ ಒಬ್ಬ ವ್ಯಕ್ತಿ, ಇವರುಗಳಿಂದ ಕೂಡಿದ ಸ್ಥಳೀಯ ಸಮಿತಿಯನ್ನು ಅದು ಏರ್ಪಡಿಸಿತು. ೨೦೦೭ರಲ್ಲಿ ಭಾರತವು ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಫಲವಾಗಿ ಬಂದ ೨೦೧೬ರ ಶಾಸನವು ಇಪ್ಪತ್ತೊಂದು ವಿಕಲತೆಗಳಲ್ಲಿ ಸ್ವಲೀನತೆಯನ್ನೂ ಸೇರಿಸಿ, ಪಾಲಕತ್ವವನ್ನು ಸೀಮಿತಗೊಳಿಸಿ, ವ್ಯಕ್ತಿಯ ಇಚ್ಛೆಯನ್ನು ಕೇಳಿ ತೀರ್ಮಾನಿಸಬೇಕೆಂದಿತು. ಒಂದು ಶಾಸನವು ರಕ್ಷಣೆಯನ್ನೂ ಮತ್ತೊಂದು ಸ್ವಾತಂತ್ರ್ಯವನ್ನೂ ಮುಂದಿಡುತ್ತದೆ. ಇವೆರಡರ ಹೊಂದಾಣಿಕೆಯು ನಮ್ಮ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಸಂಶೋಧನ ವಿಷಯ.

೨೦೧೬ರಲ್ಲಿಯೇ ಸರ್ಕಾರವು ಪ್ರಮಾಣಪತ್ರಕ್ಕಾಗಿ ಭಾರತೀಯ ಸ್ವಲೀನತಾ ಮಾಪನವನ್ನು ಅಂಗೀಕರಿಸಿತು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯು ರೂಪಿಸಿದ ಈ ಮಾಪನದಲ್ಲಿ ನಲವತ್ತು ಅಂಶಗಳಿವೆ. ೭೦ರಿಂದ ೧೦೬ರವರೆಗೆ ಸೌಮ್ಯ, ೧೫೩ರವರೆಗೆ ಮಧ್ಯಮ, ಅದಕ್ಕೆ ಮೇಲ್ಪಟ್ಟು ತೀವ್ರ ಎಂದು ಪರಿಗಣನೆ. ಆದರೆ ೨೦೧೧ರ ಜನಗಣತಿಯಲ್ಲಿ ಸ್ವಲೀನತೆಗೆ ಪ್ರತ್ಯೇಕ ಅಂಕಣವಿರಲಿಲ್ಲ. ಹರಿಯಾಣದ ಪಲವಲ್, ಹಿಮಾಚಲದ ಕಾಂಗ್ರಾ, ಒಡಿಶಾದ ಢೆಂಕಾನಾಲ್, ಉತ್ತರ ಗೋವಾ, ಹೈದರಾಬಾದು, ಈ ಐದು ಸ್ಥಳಗಳ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಕುರಿತು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವು, ನರಬೆಳವಣಿಗೆಯ ನಾನಾ ತೊಡಕುಗಳನ್ನು ಒಟ್ಟಿಗೆ ಲೆಕ್ಕಹಾಕಿ, ಆರು ವರ್ಷಕ್ಕಿಂತ ಕಿರಿಯರಲ್ಲಿ ನೂರಕ್ಕೆ ೯.೨, ಹಿರಿಯರಲ್ಲಿ ೧೩.೬ ಎಂದು ಕಂಡಿತು. ಸ್ವಲೀನತೆಯು ಇವುಗಳಲ್ಲಿ ಒಂದು ಭಾಗ ಮಾತ್ರ.

ಸೇವೆಯ ವಿಷಯದಲ್ಲಿ ನಮ್ಮ ಮುಖ್ಯ ಕೊರತೆಯು ತಜ್ಞರದು. ಕರ್ಣಾಟಕದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ೧೯೫೪ರ ಮಾನಸಿಕ ಆರೋಗ್ಯ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ೧೯೭೪ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇರುವುದು ನಮ್ಮ ಭಾಗ್ಯ. ಆದರೆ ಬೀದರಿನಿಂದಲೋ ರಾಯಚೂರಿನಿಂದಲೋ ವಾರಕ್ಕೆರಡು ಬಾರಿ ಮಗುವನ್ನು ಅಲ್ಲಿಗೆ ಕರೆತರುವುದು ಯಾವ ಸ್ಥಿತಿವಂತನಿಗೂ ಸುಲಭವಲ್ಲ. ಈ ದೃಷ್ಟಿಯಿಂದ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಗಳಲ್ಲಿ ೬೫ ಮಕ್ಕಳೊಡನೆ ನಡೆದು ೨೦೧೬ರಲ್ಲಿ ಪ್ರಕಟವಾದ ಪ್ರಯೋಗವು ಮಹತ್ತ್ವದ್ದು. ಅಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು ಮನೆಯವರಿಗೆ ಕಲಿಸಿಕೊಟ್ಟರು. ತಂದೆತಾಯಿಗಳು ಮಗುವಿಗೆ ಹೊಂದಿಕೊಂಡು ಸ್ಪಂದಿಸುವುದೂ, ಮಗು ತಾನಾಗಿ ಸಂವಹನಕ್ಕೆ ಮೊದಲಿಡುವುದೂ ಹೆಚ್ಚಿದವು.

ಭಾಷೆಯ ಪ್ರಶ್ನೆಯೂ ನಮಗೆ ವಿಶೇಷವಾದುದು. ಮಗುವಿಗೆ ಮಾತು ತಡವಾದರೆ ಮನೆಯಲ್ಲಿ ಇಂಗ್ಲಿಷನ್ನಷ್ಟೇ ಬಳಸಿರೆಂದು ಸಲಹೆ ಕೊಡುವವರಿದ್ದಾರೆ. ಎರಡು ಭಾಷೆಗಳ ಪರಿಸರವು ಸ್ವಲೀನ ಮಕ್ಕಳ ಮಾತಿಗೆ ಹಾನಿಕರವೆಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ದೊರೆತಿಲ್ಲ. ಅಜ್ಜಿಯ ಮಾತನ್ನು ಮಗುವಿನಿಂದ ಕಸಿದುಕೊಂಡರೆ, ಮೊದಲೇ ಕಷ್ಟವಾದ ಸಂಬಂಧವು ಮತ್ತಷ್ಟು ಕಷ್ಟವಾಗುತ್ತದೆ. ಕನ್ನಡದಲ್ಲಿ ಪರೀಕ್ಷೆಗಳನ್ನು ರೂಪಿಸುವುದು, ಅವುಗಳನ್ನು ನಮ್ಮ ಹಳ್ಳಿಯ ಮಕ್ಕಳ ಮೇಲೆ ಪ್ರಯೋಗಿಸಿ ಮಟ್ಟವನ್ನು ನಿಷ್ಕರ್ಷಿಸುವುದು ನಮ್ಮ ವಿಶ್ವವಿದ್ಯಾನಿಲಯಗಳು ಮಾಡಬಹುದಾದ, ಮಾಡಲೇಬೇಕಾದ ಕೆಲಸ.

೯

ಮೇಲಣ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಗಣನೆಯು ಸೇವೆಯನ್ನು ಹಿಂಬಾಲಿಸುತ್ತದೆ. ಸೇವೆಯಿಲ್ಲದ ಕಡೆ ಸಂಖ್ಯೆ ಕಡಮೆಯೆಂದು ಸಮಾಧಾನಪಟ್ಟುಕೊಳ್ಳುವುದು ಆತ್ಮವಂಚನೆ. ಎರಡನೆಯದಾಗಿ, ಹಣದ ಲೆಕ್ಕವನ್ನು ಪ್ರಶ್ನೆವಾರು ಪ್ರಕಟಿಸುವ ಅಮೆರಿಕದ ಪದ್ಧತಿಯು ನಮಗೂ ಅನುಸರಣೀಯ. ಮೂರನೆಯದಾಗಿ, ವಯಸ್ಕರನ್ನು ಬಿಟ್ಟ ಯೋಜನೆಯು ಅರ್ಧ ಯೋಜನೆ. ನಾಲ್ಕನೆಯದಾಗಿ, ಯಾರಿಗಾಗಿ ಯೋಜನೆಯೋ ಅವರು ಅದರ ಕರ್ತೃಗಳಲ್ಲಿಯೂ ಒಬ್ಬರಾಗಿರಬೇಕು.

ಕಾಲೇಜಿನವರಾದ ನಮಗೆ ಇನ್ನೊಂದು ಮಾತು. ೨೦೧೬ರ ಶಾಸನವು ಉನ್ನತ ಶಿಕ್ಷಣದಲ್ಲಿ ಅಂಗವಿಕಲರಿಗೆ ನೂರಕ್ಕೆ ಐದಕ್ಕೆ ಕಡಮೆಯಿಲ್ಲದ ಸ್ಥಾನಗಳನ್ನು ಮೀಸಲಿರಿಸಿದೆ. ಸ್ವಲೀನ ವಿದ್ಯಾರ್ಥಿಗಳೂ ಇದಕ್ಕೆ ಅರ್ಹರು. ಪ್ರಮಾಣಪತ್ರವಿಲ್ಲದೆಯೂ ಅಂಥವರು ನಮ್ಮ ತರಗತಿಗಳಲ್ಲಿ ಕುಳಿತಿರಬಹುದು. ಪ್ರಶ್ನೆ ಕೇಳಿದರೆ ಕಣ್ಣೆತ್ತಿ ನೋಡದವನನ್ನು ಅವಿಧೇಯನೆಂದೂ, ಗುಂಪು ಚರ್ಚೆಯಲ್ಲಿ ಮೌನವಾಗಿರುವವನನ್ನು ಮಂದನೆಂದೂ, ವೇಳಾಪಟ್ಟಿ ಬದಲಾದಾಗ ಕಳವಳಪಡುವವಳನ್ನು ಹಟಮಾರಿಯೆಂದೂ ನಾವು ಎಣಿಸಿರುವುದುಂಟು. ಪ್ರಶ್ನೆಯನ್ನು ಬರೆದುಕೊಡುವುದು, ಬದಲಾವಣೆಯನ್ನು ಹಿಂದಿನ ದಿನವೇ ತಿಳಿಸುವುದು, ಪರೀಕ್ಷೆಗೆ ಸದ್ದಿಲ್ಲದ ಕೊಠಡಿಯನ್ನು ಒದಗಿಸುವುದು, ಇವಕ್ಕೆ ರಾಷ್ಟ್ರೀಯ ಸಮಿತಿಯ ಅಪ್ಪಣೆ ಬೇಕಿಲ್ಲ. ರಾಷ್ಟ್ರವು ಯೋಜನೆಯನ್ನು ಹಾಕಬಹುದು. ಅದು ನೆರವೇರುವುದು ಇಂಥ ಕೊಠಡಿಗಳಲ್ಲಿಯೇ. ತಾಯಿಯನ್ನು ದೂಷಿಸಿದ ಕಾಲದಿಂದ ನಾವು ಬಹುದೂರ ಬಂದಿದ್ದೇವೆಂದು ಹೇಳಿಕೊಳ್ಳಬೇಕಾದರೆ, ಆ ವಿದ್ಯಾರ್ಥಿಯನ್ನು ದೂಷಿಸುವುದನ್ನೂ ನಾವು ಬಿಟ್ಟಿರಬೇಕು.